ಮೋಟೆಬೆನ್ನೂರು ದಾಟಿದ ಮೇಲೆ ಉಸಿರುಗಟ್ಟುವ ಗಾಡಿ

ಬ್ಯಾಡಗಿಯಿಂದ ಹೊರಟಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಗಾಡಿಯ ಎರಡೂ ಬದಿಗೆ ಖಾರದ ಪುಡಿಯ ಪಾಕೀಟು ತುಂಬಿದ ಚೀಲ ಕಟ್ಟಿದ್ದೆ. ನಮ್ಮದು ಖಾರ ಕುಟ್ಟುವ ಸಣ್ಣ ಗಿರಣಿ. ಹಾವೇರಿಯ ಕಿರಾಣಿ ಅಂಗಡಿಗಳಿಗೆ ಪಾಕೀಟು ಮುಟ್ಟಿಸುವುದು ನನ್ನ ತಮ್ಮ ಬಸುವಿನ ಕೆಲಸವಾಗಿತ್ತು. ಅವನು ಮನೆ ಬಿಟ್ಟು ಒಂದು ತಿಂಗಳಾಗಿತ್ತು. ರಾಣೇಬೆನ್ನೂರಿನ ಬೀಜದ ಗೋದಾಮಿನಲ್ಲಿ ಚೀಲ ಹೊರುತ್ತಾನೆಂದು ಸುದ್ದಿ ಬಂದಿತ್ತು. ಹಾವೇರಿಯಲ್ಲಿ ಮಾಲು ಇಳಿಸಿ, ಅಲ್ಲಿಂದ ರಾಣೇಬೆನ್ನೂರಿಗೆ ಹೋಗಿ ಅವನನ್ನು ಕರೆತರುವುದು ನನ್ನ ಯೋಚನೆ. ತಪ್ಪು ಅವನದೇ, ದೊಡ್ಡ ಮನಸ್ಸು ಮಾಡಿ ಕರೆಯಲು ಹೊರಟವನು ನಾನು ಎಂದುಕೊಂಡಿದ್ದೆ.

ಗಾಡಿ ಅಪ್ಪನ ಕಾಲದ ಬೈಕು. ಮಳೆಗಾಲದಲ್ಲಿ ಪೆಟ್ರೋಲ್ ಬೇಗ ಮುಗಿಯತೊಡಗಿದಾಗ ಬಸು ತೆಗೆದು ಮಾರುತ್ತಾನೆಂದು ನನಗೆ ಸಂಶಯ ಬಂತು. ಅವನನ್ನು ಕೇಳಲಿಲ್ಲ. ಟಾಕಿಗೆ ಕೀಲಿ ಹಾಕುವ ಹೊಸ ಮುಚ್ಚಳ ಕೂರಿಸಿ, ಕೀಲಿಕೈ ನನ್ನ ಕಿಸೆಯಲ್ಲಿಟ್ಟುಕೊಂಡೆ; ಪೆಟ್ರೋಲ್ ನಾನೇ ಹಾಕಿಸಿ ಕೊಡುತ್ತಿದ್ದೆ. ಆಮೇಲೆ ಅವನು ದಿನಾ ತಡವಾಗಿ ಬರತೊಡಗಿದ. "ಊರಾಗ ಬೇಷ್ ಓಡತೈತಿ ಅಣ್ಣ, ಹೈವೇದಾಗ ಉಸಿರುಗಟ್ಟತೈತಿ" ಎನ್ನುತ್ತಿದ್ದ. ಒಮ್ಮೆ ನಾನೇ ಓಡಿಸಿ ನೋಡಿದೆ. ಎಳೆತ ಹೋದದ್ದು ನಿಜ. ಆದರೆ ಇಳಿದು, ಮುಚ್ಚಳ ತೆಗೆದು ಪೆಟ್ರೋಲ್ ನೋಡಿ, ಕಿಕ್ ಹೊಡೆದರೆ ಚಾಲೂ ಆಯಿತು. ಮನೆಗೆ ಬಂದು ಹಾಗೆಯೇ ಹೇಳಿದೆ. ಮುಂದಿನ ವಾರ ಅವನು ಮತ್ತೆ ತಡವಾಗಿ ಬಂದಾಗ, ಗಿರಣಿಗೆ ಬಂದ ಹೆಣ್ಣುಮಕ್ಕಳ ಮುಂದೆಯೇ ಕೇಳಿದೆ: "ನನಗ ಒಂದ ನಿಮಿಷಕ್ಕ ಚಾಲೂ ಆಗೂ ಗಾಡಿ ನಿನಗ್ಯಾಕ ಅರ್ಧಾ ತಾಸು ನಿಂದ್ರತೈತಿ?" ಮರುದಿನ ಬಸು ಇರಲಿಲ್ಲ.

ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಹತ್ತಿದೆ. ಎಪ್ಪತ್ತರ ವೇಗದಲ್ಲಿ ಗಾಡಿ ಸರಾಗ ಓಡಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಳೆತ ಕುಸಿಯಿತು; ಆಕ್ಸಿಲರೇಟರ್ ತಿರುವಿದಷ್ಟೂ ವೇಗ ಇಳಿಯಿತು. ಬದಿಗೆ ನಿಲ್ಲಿಸಿ, ಹಿಂದಿನ ಸಲದಂತೆಯೇ ಮುಚ್ಚಳ ತೆಗೆದು ಇಣುಕಿದೆ. ತಳದಲ್ಲಿ ಪೆಟ್ರೋಲ್ ಇತ್ತು. ಕಿಕ್ ಹೊಡೆದೆ, ಚಾಲೂ ಆಯಿತು.

ಹಾವೇರಿಯಲ್ಲಿ ಅಂಗಡಿಯ ಸಾವಕಾರರು ಪಾಕೀಟು ಎಣಿಸುತ್ತ, "ಬಸು ಎಲ್ಲ್ಯದಾನ್ರಿ? ಅಂವ ನಕ್ಕೋತ ಬರ್ತಿದ್ದ. ನೀವು ವಸೂಲಿಗೆ ಬಂದಂಗ ಬಂದೀರಿ" ಎಂದರು. ಬಸ್ ಸ್ಟ್ಯಾಂಡಿನ ಎದುರು ಒಬ್ಬನೇ ನಿಂತು ಗಿರ್ಮಿಟ್ಟು, ಮಿರ್ಚಿ ತಿಂದೆ. ಟಾಕಿ ತುಂಬಿಸಿಕೊಂಡು ರಾಣೇಬೆನ್ನೂರಿನ ದಾರಿ ಹಿಡಿದೆ.

ಮತ್ತೆ ಅದೇ ಗೋಳು. ಈ ಸಲ ಟಾಕಿ ತುಂಬಿದ್ದರಿಂದ ಮುಚ್ಚಳ ತೆಗೆದು ನೋಡುವ ಕಾರಣವಿರಲಿಲ್ಲ. ಪ್ಲಗ್ ಬಿಚ್ಚಿ ಒರೆಸಿ ಹಾಕಿದೆ. ಕಾಲು ಸೋಲುವವರೆಗೆ ಕಿಕ್ ಹೊಡೆದೆ. ಕೊನೆಗೆ ತಳ್ಳುತ್ತ ಸರ್ವಿಸ್ ರಸ್ತೆಗೆ ಇಳಿದೆ. ಅಲ್ಲಿ ಒಬ್ಬ ಹೆಂಗಸು ಡಾಂಬರಿನ ಮೇಲೆ ಗೋವಿನಜೋಳ ಒಣಗಲು ಹರವಿದ್ದಳು.

"ಗಾಡಿ ನಿಮ್ಮನ್ನ ಒಯ್ಯತೈತೋ, ನೀವ ಗಾಡಿ ಒಯ್ತೀರೋ?" ಎಂದು ನಕ್ಕಳು. "ಪೆಟ್ರೋಲ್ ಇಲ್ಲೇನ್ರಿ?"

"ತುಂಬೇತ್ರಿ ಅಕ್ಕಾರ."

"ಅಂವನೂ ಹಿಂಗ ಅಂತಿದ್ದ ನೋಡ್ರಿ. ಇದ ಕೆಂಪು ಗಾಡಿ ತಳ್ಳಕೋತ ಬರ್ತಿದ್ದ. ಅರ್ಧಾ ತಾಸಿಗೆ ತಾನ ಚಾಲೂ ಆಕ್ಕೈತಿ ಅಂತ ಆ ಬೇವಿನ ಗಿಡದ ಬುಡಕ ಕುಂದ್ರಾಂವ. ಸುಮ್ನನೂ ಕುಂದ್ರತಿರಲಿಲ್ಲ ಪಾಪ, ನನ್ನ ಗೊಂಜಾಳ ತಿರುವಿ ಹಾಕಿ ಹೋಗ್ತಿದ್ದ."

ಅದು ಬಸುವೇ. ಕೈಗೆ ಬೇರೆ ಕೆಲಸ ತೋಚದೆ ಕೀಲಿ ತಿರುವಿ ಮುಚ್ಚಳ ಎತ್ತಿದೆ. ಟಾಕಿ ಸುಸ್ಸೆಂದು ಗಾಳಿ ಎಳೆದುಕೊಂಡಿತು. ಕಿಕ್ ಹೊಡೆದೆ, ಒಂದಕ್ಕೇ ಚಾಲೂ ಆಯಿತು.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು, ಆದರೆ ಗಿರಣಿಯಲ್ಲಿ ಎಣ್ಣೆ ಡಬ್ಬಿ ಒಡೆದು ಗೊತ್ತು. ಒಂದೇ ತೂತು ಮಾಡಿದರೆ ಎಣ್ಣೆ ಸುರಿಯುವುದಿಲ್ಲ. ಗಾಳಿಗೆ ಇನ್ನೊಂದು ಬೇಕು. ಹೊಸ ಮುಚ್ಚಳದ ರಬ್ಬರು ಟಾಕಿಗೆ ಗಾಳಿ ಬಿಡುತ್ತಿರಲಿಲ್ಲ. ಊರೊಳಗಿನ ನಿಧಾನ ಓಟಕ್ಕೆ ಸಂದಿಯಿಂದ ನುಸುಳಿದ ಗಾಳಿ ಸಾಕು, ಹೆದ್ದಾರಿಯ ವೇಗಕ್ಕೆ ಸಾಲದು. ಹಿಂದಿನ ಎರಡೂ ಸಲ ನಾನು ಪೆಟ್ರೋಲ್ ನೋಡಲು ಹೋಗಿ, ಗೊತ್ತಿಲ್ಲದೆ ಗಾಳಿ ಕೊಟ್ಟಿದ್ದೆ. ಬಸುವಿನ ಬಳಿ ಕೀಲಿಕೈಯೇ ಇರಲಿಲ್ಲ.

ಖಾತ್ರಿ ಮಾಡಿಕೊಳ್ಳಲು ಮುಚ್ಚಳವನ್ನು ಸಡಿಲವಾಗಿ ಇಟ್ಟು, ಮೇಲೆ ಟವೆಲ್ ಬಿಗಿದು ಹೊರಟೆ. ರಾಣೇಬೆನ್ನೂರಿನವರೆಗೆ ಎಳೆತ ಒಮ್ಮೆಯೂ ಕುಸಿಯಲಿಲ್ಲ.

ಬಸು ಗೋದಾಮಿನ ಬಾಗಿಲಲ್ಲಿ ತಲೆಗೆ ಚೀಲದ ಕೊಪ್ಪೆ ಹಾಕಿಕೊಂಡು ನಿಂತಿದ್ದ. ತೆಳ್ಳಗಾಗಿದ್ದ.

"ಗಾಡಿ ಮ್ಯಾಲೆ ಬಂದ್ಯಾ? ತಳ್ಳಕೋತ ಬರ್ತಿ ಅಂದಕೊಂಡಿದ್ದೆ."

"ಮುಚ್ಚಳದ್ದೋ ಬಸು. ಗಾಳಿ ಹೋಗ್ತಿರಲಿಲ್ಲ."

"ಗೊತ್ತೈತಿ."

"ಯಾವಾಗಿಂದ?"

"ನೀ ಹೊಡದು ನೋಡಿ ಬಂದ ದಿನದಿಂದ. ಮುಚ್ಚಳ ತಗದೆ, ಚಾಲೂ ಆತು ಅಂದ್ಯಲ್ಲ. ನನಗ ತಗಿಯಾಕ ಬರ್ತಿರಲಿಲ್ಲ. ಮತ್ತೇನ ಫರಕ ಇತ್ತು?"

"ಹೇಳಬಾರದಿತ್ತೇನೋ?"

"ಹೇಳ್ತಿದ್ದೆ. ಅಣ್ಣ, ಕೀಲಿಕೈ ಕೊಡು ಅಂತಿದ್ದೆ. ಆವಾಗ ನೀ ಏನಂತಿದ್ದಿ?"

ಏನೆನ್ನುತ್ತಿದ್ದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಉಳಿದದ್ದನ್ನೂ ಹೇಳಿಬಿಟ್ಟೆ. ಕೀಲಿ ಹಾಕಿದ ಮೇಲೂ ಪೆಟ್ರೋಲ್ ಅಷ್ಟೇ ಬೇಗ ಮುಗಿಯುತ್ತಿತ್ತು. ಹಳೆಯ ಇಂಜಿನ್ನೇ ಕುಡಿಯುತ್ತಿತ್ತು. ಅದು ನನಗೆ ಹದಿನೈದು ದಿನದಲ್ಲೇ ತಿಳಿದಿತ್ತು. ಮುಚ್ಚಳ ಬದಲಿಸಿದರೆ ತಮ್ಮನನ್ನು ಕಳ್ಳನೆಂದು ತಿಳಿದ ತಪ್ಪನ್ನು ಒಪ್ಪಿಕೊಂಡಂತಾಗುತ್ತದೆಂದು ಬಿಟ್ಟಿದ್ದೆ. "ಮನಿಗೆ ಬಾರೋ" ಎಂದೆ.

ಬಸು ಕೊಪ್ಪೆಯ ಅಂಚು ತಿದ್ದಿದ. "ಇಲ್ಲಿ ಚೀಲ ಭಾರ ಅದಾವ ಅಣ್ಣ. ಖರೇ, ತಡಾ ಆದ್ರ ಸಂಶಯಾ ಪಟ್ಟು ನನ್ನ ಮಾರಿ ನೋಡೂದಿಲ್ಲ ಯಾರೂ. ನೀ ಚಹಾ ಕುಡದ ಹೋಗು" ಎಂದು ಒಳಗೆ ಹೋದ. ಚಹಾ ಬಂತು. ಅವನು ಹೊರಗೆ ಬರಲಿಲ್ಲ.

ಗುಜರಿ ಅಂಗಡಿಯಲ್ಲಿ ಕೀಲಿ ಇಲ್ಲದ ಹಳೆಯ ಮುಚ್ಚಳ ಸಿಕ್ಕಿತು. ಹಾಕಿಕೊಂಡು ತಿರುಗಿ ಹೊರಟೆ. ಬಿಸಿಲು ಇಳಿಯುತ್ತಿತ್ತು. ಹಿಂದಿನ ಸೀಟು ಖಾಲಿ, ಚೀಲಗಳೂ ಖಾಲಿ. ಗಾಡಿ ಹೊಸದರಂತೆ ಓಡಿತು. ಮೋಟೆಬೆನ್ನೂರಿನ ತಿರುವಿನಲ್ಲಿ ಸುಮ್ಮನೆ ನಿಲ್ಲಿಸಿ, ಬಂದ ದಾರಿಯನ್ನು ನೋಡುತ್ತ ಕುಳಿತೆ. ಒಬ್ಬ ಸವಾರ ವೇಗ ಇಳಿಸಿ, "ಏನಾತ್ರಿ, ಗಾಡಿ ಕೆಟ್ಟೈತೇನು?" ಎಂದು ಕೂಗಿದ.

"ಇಲ್ರಿ," ಎಂದೆ, "ಗಾಡಿ ಚಲೋ ಐತಿ."