ಭಾನುವಾರ ಬಾರದ ಕೆಮ್ಮು

ಬೆಳಗಿನ ಐದೂ ಮುಕ್ಕಾಲು. ದಾವಣಗೆರೆಯ ಎಂ.ಸಿ.ಸಿ. ಬಡಾವಣೆ ಬಿ ಬ್ಲಾಕ್‌ನ ಒಂದು ಅಡ್ಡರಸ್ತೆಯಲ್ಲಿ ಮೈಲಮ್ಮ ಉದ್ದ ಹಿಡಿಯ ಪೊರಕೆಯನ್ನು ಕಾಂಪೌಂಡಿಗೆ ಒರಗಿಸಿ ನಿಂತಿದ್ದಾರೆ. ಗುಡಿಸುತ್ತಿಲ್ಲ, ಕಾಯುತ್ತಿದ್ದಾರೆ. ಗೇಟು ತೆರೆದುಕೊಳ್ಳುತ್ತದೆ. ಕಸ್ತೂರಮ್ಮ ಎಂಬ ಹಿರಿಯರು ಬಕೆಟ್ಟು ಹಿಡಿದು ಹೊರಬರುತ್ತಾರೆ. ಬಾಗಿಲ ಮುಂದೆ ನೀರು ಹಾಕಿ ರಂಗೋಲಿ ಎಳೆಯುವುದು ಅವರ ದಿನದ ಮೊದಲ ಕೆಲಸ.

"ಇನ್ನೊಂದು ನಾಕ್ ಹೆಜ್ಜೆ ಮುಂದಕ್ಕೆ ಬರ್ರಿ ಅಮ್ಮಾರೆ, ರಸ್ತೆ ನಡುವಿಗೂ ಒಂದಿಷ್ಟು ಬೀಳ್ಲಿ" ಎನ್ನುತ್ತಾರೆ ಮೈಲಮ್ಮ.

"ನೀರು ಹಾಕೋದು ನಾನು, ಗುಡಿಸೋದು ನೀನು. ಸಂಬಳ ಮಾತ್ರ ನಿನಗೊಬ್ಬಳಿಗೆ."

"ಸಂಬಳದಾಗೆ ಪಾಲು ಕೇಳಬ್ಯಾಡ್ರಿ. ಸೊಂಟನೋವಿನಾಗೆ ಬೇಕಾದ್ರೆ ಅರ್ಧ ತಗೊಳ್ರಿ."

ಕಸ್ತೂರಮ್ಮ ನಗುತ್ತಲೇ ನಾಲ್ಕು ಹೆಜ್ಜೆ ಮುಂದೆ ಬಂದು ಕೈಯಿಂದ ನೀರು ಚೆಲ್ಲುತ್ತಾರೆ. ಎದುರು ಮನೆಯಲ್ಲೂ ಬಕೆಟ್ಟಿನ ಸದ್ದು, ಅದರಾಚೆ ಮನೆಯಲ್ಲೂ. ಮಣ್ಣು ತೊಯ್ದು ಕಪ್ಪಾದ ಮೇಲೆಯೇ ಮೈಲಮ್ಮ ಮೂಗಿಗೆ ಮಾಸ್ಕ್ ಏರಿಸಿ, ಮೈಲಾರಲಿಂಗನ ಹೆಸರು ಹೇಳಿ ಪೊರಕೆ ಹಿಡಿಯುತ್ತಾರೆ. ಕಸ ಸರಿಯುತ್ತದೆ, ಧೂಳು ಏಳುವುದಿಲ್ಲ. ಪಕ್ಕದ ದೊಡ್ಡ ರಸ್ತೆಯಿಂದ ಓಡುವ ಪಾದಗಳ ಸದ್ದು ಬರುತ್ತಿದೆ. ಅಲ್ಲಿ ಐವರು ಹುಡುಗಿಯರು ಓಡುತ್ತಿದ್ದಾರೆ. ದೀಪದ ಕಂಬದ ಕೆಳಗೆ ನಿವೃತ್ತ ದೈಹಿಕ ಶಿಕ್ಷಕ ರುದ್ರಮುನಿ ಸ್ಟಾಪ್‌ವಾಚ್ ಹಿಡಿದು ನಿಂತಿದ್ದಾರೆ. ಐವರಲ್ಲಿ ಒಬ್ಬಳು ಮೈಲಮ್ಮನ ಮಗಳು ದುರ್ಗಾ. ಮಗಳು ಓಡುವ ಆ ರಸ್ತೆಯೂ ಮೈಲಮ್ಮನ ಪಾಲಿನದೇ. ಆದರೆ ಓಟ ಮುಗಿಯುವ ಆರೂವರೆಯ ತನಕ ಅವರು ಅತ್ತ ತಲೆ ಹಾಕುವುದಿಲ್ಲ.

"ಮೊದ್ಲು ಹಿಂಗಿರ್ಲಿಲ್ಲ. ಮೊದ್ಲು ನಾನು ಅಲ್ಲೇ ಶುರು ಮಾಡ್ತಿದ್ದೆ. ಅದೇ ನೋಡ್ರಿ ನಾನು ಮಾಡಿದ್ದ ತಪ್ಪು" ಎನ್ನುತ್ತಾರೆ.

ಮೈಲಮ್ಮನಿಗೆ ಈಗ ಐವತ್ತೊಂದು. ಹುಟ್ಟಿದ್ದು ಹರಿಹರದಲ್ಲಿ. ಹುಡುಗಿಯಾಗಿದ್ದಾಗ ಮಲೆಬೆನ್ನೂರಿನ ಗದ್ದೆಗಳಲ್ಲಿ ಭತ್ತದ ನಾಟಿಗೆ ಹೋದವರು. ಮದುವೆಯಾಗಿ ದಾವಣಗೆರೆಗೆ ಬಂದರು. ಗಂಡ ತೀರಿಕೊಂಡ ವರ್ಷ ಪಾಲಿಕೆಯ ಪೊರಕೆ ಕೈಗೆ ಬಂತು. ಅದಕ್ಕೆ ಇಪ್ಪತ್ತೆರಡು ವರ್ಷವಾಯಿತು. ದಿನಕ್ಕೆ ಎರಡೂವರೆ ಕಿಲೋಮೀಟರ್ ರಸ್ತೆ, ಎರಡೂ ಮಗ್ಗುಲು ಸೇರಿಸಿದರೆ ಐದು. ಆರು ತಳ್ಳುಗಾಡಿ ಕಸ. ತಿಂಗಳಿಗೆ ಮೂರು ಪೊರಕೆ ಸವೆಯುತ್ತವೆ. ವಾರದಲ್ಲಿ ರಜೆ ಒಂದೇ ದಿನ, ಭಾನುವಾರ.

ದುರ್ಗಾ ಬಿ.ಎ. ಮುಗಿಸಿ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ ಅರ್ಜಿ ಹಾಕಿದಳು. ನಾನೂರು ಮೀಟರನ್ನು ಎರಡು ನಿಮಿಷದೊಳಗೆ ಓಡಬೇಕು. ಬಡಾವಣೆಯ ಹುಡುಗಿಯರಿಗೆ ಕಾಸು ತೆಗೆದುಕೊಳ್ಳದೆ ಓಟ ಕಲಿಸುವ ರುದ್ರಮುನಿ ಮೇಷ್ಟ್ರು ಅವಳನ್ನೂ ಸೇರಿಸಿಕೊಂಡರು. ಶೂ ಕಚ್ಚುತ್ತದೆಂದು ದುರ್ಗಾ ಬರಿಗಾಲಲ್ಲೇ ಓಡುತ್ತಿದ್ದಳು. ತಾಯಿಯ ಜೀವ ತಡೆಯಬೇಕಲ್ಲ. ಮಗಳ ಕಾಲಿಗೆ ಒಂದು ಹರಳು, ಒಂದು ಗಾಜಿನ ಚೂರು ತಾಗಬಾರದೆಂದು ಮೈಲಮ್ಮ ಐದಕ್ಕೆಲ್ಲ ಬಂದು, ಹುಡುಗಿಯರು ಓಡುವ ರಸ್ತೆಯನ್ನೇ ಮೊದಲು ಗುಡಿಸತೊಡಗಿದರು. ಒಂದು ಸಲವಲ್ಲ, ಎರಡು ಸಲ. ಮೂಲೆಯಲ್ಲಿ ಒಣಗಿದ ಎಲೆ ರಾಶಿ ಮಾಡಿ ಕಡ್ಡಿ ಗೀರುತ್ತಿದ್ದರು. ಓಟಕ್ಕೆ ಮುಂಚೆ ಹುಡುಗಿಯರು ಅಲ್ಲೇ ನಿಂತು ಕೈ ಕಾಯಿಸಿಕೊಳ್ಳುತ್ತಿದ್ದರು. ಎಲ್ಲರಿಗೂ ಅದು ಒಳ್ಳೆಯದಾಗಿಯೇ ಕಂಡಿತ್ತು.

ಕಾರ್ತಿಕ ಕಳೆದು ಚಳಿ ಬಲಿಯುವ ಹೊತ್ತಿಗೆ ದುರ್ಗಾಳಿಗೆ ಕೆಮ್ಮು ಹತ್ತಿತು. ಮುನ್ನೂರು ಮೀಟರ್ ದಾಟುವಷ್ಟರಲ್ಲಿ ಎದೆ ಬಿಗಿಯುವುದು, ಉಸಿರು ಸಿಳ್ಳೆ ಹಾಕುವುದು. ಎರಡು ನಿಮಿಷದೊಳಗಿದ್ದ ಓಟ ಎರಡು ನಿಮಿಷ ಎಂಟು ಸೆಕೆಂಡಿಗೆ ಜಾರಿತು. ಔಷಧಿ ಅಂಗಡಿಯ ಸಿರಪ್ಪು ಮೂರು ಬಾಟಲಿ ಖಾಲಿಯಾಯಿತು. ಬಿಸಿನೀರಿಗೆ ಬೆಲ್ಲ, ಮೆಣಸು ಎಲ್ಲ ಆಯಿತು. ನೆರೆಮನೆಯ ಊರಮ್ಮ "ಇದು ದಮ್ಮು ಕಣವ್ವ, ನಮ್ಮತ್ತಿಗೂ ಹಿಂಗೇ ಶುರುವಾಗಿದ್ದು. ಪೊಲೀಸ್ ಗಿಲೀಸ್ ಬಿಡ್ಸು" ಎಂದುಬಿಟ್ಟಳು. ಆ ರಾತ್ರಿ ಮೈಲಮ್ಮನಿಗೆ ಅನ್ನ ಇಳಿಯಲಿಲ್ಲ. ಮರುದಿನ ಅವರು ಮಾಡಿದ್ದೇನೆಂದರೆ, ರಸ್ತೆಯನ್ನು ಇನ್ನೂ ಚೊಕ್ಕಟವಾಗಿ, ಮೂರು ಸಲ ಗುಡಿಸಿದ್ದು.

ಓಟದ ಪರೀಕ್ಷೆಗೆ ಆರು ವಾರವಿತ್ತು. ಹರಿಹರದಲ್ಲಿ ಆಟೊ ಓಡಿಸುವ ಮೈಲಮ್ಮನ ಅಣ್ಣ ಹುಲಿಯಪ್ಪ ತನಗೆ ಗೊತ್ತಿದ್ದ ಎದೆರೋಗದ ವೈದ್ಯೆ ಡಾ. ವಾಣಿಯವರ ಹೆಸರು ಹೇಳಿದ. ತಾಯಿ ಮಗಳು ಹರಿಹರದ ಬಸ್ಸು ಹತ್ತಿದರು. ಮೈಲಮ್ಮನ ಕೈಯಲ್ಲಿ ರುದ್ರಮುನಿ ಮೇಷ್ಟ್ರು ಕೊಟ್ಟ ಒಂದು ನೋಟ್‌ಬುಕ್ ಇತ್ತು. ದಿನದಿನದ ಓಟದ ವೇಳೆಯನ್ನು ಅವರು ಅದರಲ್ಲಿ ಬರೆದಿಟ್ಟಿದ್ದರು.

ವಾಣಿಯವರು ಮೊದಲು ದುರ್ಗಾಳಿಂದ ಒಂದು ಯಂತ್ರದ ಕೊಳವೆಗೆ ಜೋರಾಗಿ ಊದಿಸಿದರು. ಉಸಿರಿನೊಂದಿಗೆ ಔಷಧಿ ಎಳೆಸಿ ಮತ್ತೊಮ್ಮೆ ಊದಿಸಿದರು. ಕಾಗದ ನೋಡಿ, ನೋಟ್‌ಬುಕ್ಕಿನ ಪುಟ ತಿರುವಿ, ಒಂದು ಕಡೆ ಬೆರಳಿಟ್ಟರು.

"ಇಲ್ಲಿ ಒಂದು ನಿಮಿಷ ಐವತ್ತು. ವಾರ ಬಿಟ್ಟು ಮತ್ತೆ ಐವತ್ತೊಂದು. ಈ ದಿನ ಕೆಮ್ಮು ಬರಲಿಲ್ವಾ?"

"ಇಲ್ಲ ಮೇಡಂ. ಭಾನುವಾರ ಬರಲ್ಲ" ಎಂದಳು ದುರ್ಗಾ.

"ಭಾನುವಾರ ಬೇರೆ ಕಡೆ ಓಡ್ತೀಯಾ?"

"ಅದೇ ರಸ್ತೆ, ಅದೇ ಟೈಮು."

"ಹಾಗಾದ್ರೆ ಭಾನುವಾರ ಏನು ವಿಶೇಷ?"

ಉತ್ತರ ತಾಯಿಯ ಬಾಯಿಂದ ಬಂತು. "ಭಾನುವಾರ ನನಗೆ ರಜಾ ಇರ್ತೈತ್ರಿ."

ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತು ಎನ್ನುತ್ತಾರೆ ಮೈಲಮ್ಮ. "ಕುರ್ಚಿ ಮ್ಯಾಲೆ ಕುಂತಿದ್ದೆ. ಎದ್ದು ನೆಲಕ್ಕೆ ಕುಂತೆ. ನನ್ನ ಕೈಯಾರೆ ನನ್ನ ಕೂಸಿನ ಎದೆಗೆ ಮಣ್ಣು ತುಂಬಿದ್ನಲ್ಲ ಅನಿಸ್ತು."

ವಾಣಿಯವರು ಅವರನ್ನು ಎಬ್ಬಿಸಿ ಕೂರಿಸಿ ಬಿಡಿಸಿ ಹೇಳಿದರು. ಸುಮ್ಮನೆ ಕೂತ ಮನುಷ್ಯನಿಗೆ ನಿಮಿಷಕ್ಕೆ ಆರೇಳು ಲೀಟರ್ ಗಾಳಿ ಸಾಕು. ಜೋರಾಗಿ ಓಡುವವರಿಗೆ ಅದರ ಹತ್ತು ಪಾಲು ಬೇಕು. ಅಷ್ಟು ಗಾಳಿಗೆ ಮೂಗು ಸಾಲದೆ ಬಾಯಿ ತೆರೆಯುತ್ತೇವೆ. ಮೂಗಿನಲ್ಲಿ ಧೂಳು ಹಿಡಿಯುವ ಜರಡಿ ಇದೆ, ಬಾಯಿಯಲ್ಲಿ ಅದಿಲ್ಲ. ಹೊಗೆ, ನುಣ್ಣನೆಯ ಧೂಳು ಎಲ್ಲವೂ ನೇರ ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಉಸಿರಿನ ಕೊಳವೆ ಕೆರಳಿ ಬಿಗಿಯುತ್ತದೆ. ಚಳಿಗಾಲದ ಮುಂಜಾನೆ ಗಾಳಿ ಆಡುವುದೂ ಕಡಿಮೆ. ಎದ್ದ ಧೂಳು, ಎಲೆ ಸುಟ್ಟ ಹೊಗೆ ಆಳೆತ್ತರದಲ್ಲೇ ತೂಗುತ್ತಿರುತ್ತವೆ.

"ಮಗಳ ಶ್ವಾಸಕೋಶ ಚೆನ್ನಾಗಿದೆ. ದಮ್ಮು ಇಲ್ಲ. ಧೂಳು ಬಿಡಿಸಿ, ಓಟ ಬಿಡಿಸಬೇಡಿ" ಎಂದರು ವಾಣಿ. ಆಮೇಲೆ ಕೊಳವೆಯನ್ನು ತಾಯಿಯತ್ತ ತಿರುಗಿಸಿದರು. "ಈಗ ನೀವು ಊದಿ."

"ನನಗ್ಯಾಕ್ರಿ? ನಾನೇನು ಓಡ್ತೀನಾ?"

"ಮೂರು ತಾಸು ಪೊರಕೆ ಎಳೆಯೋದು ಓಡೋದಕ್ಕಿಂತ ಕಡಿಮೆ ಏನಲ್ಲ. ಒಟ್ಟು ಲೆಕ್ಕದಲ್ಲಿ ನಿಮ್ಮ ಎದೆನೂ ಅಷ್ಟೇ ಗಾಳಿ ಎಳೀತದೆ. ಅದೂ ಧೂಳಿನ ನಡುವೆ ನಿಂತು."

ಇಪ್ಪತ್ತೆರಡು ವರ್ಷದಲ್ಲಿ ತನ್ನ ಉಸಿರನ್ನು ಯಾರಾದರೂ ಲೆಕ್ಕಕ್ಕೆ ತೆಗೆದುಕೊಂಡಿದ್ದು ಅದೇ ಮೊದಲು. ಮೈಲಮ್ಮ ಊದಿದರು. ಇರಬೇಕಾದ್ದಕ್ಕಿಂತ ತುಸು ಕಡಿಮೆ ಬಂತು. ಗಾಬರಿಪಡುವಷ್ಟಲ್ಲ, ಎಚ್ಚರವಾಗುವಷ್ಟು. ಮಾಸ್ಕ್ ಹಾಕಿ, ಒಣ ಧೂಳು ಎಬ್ಬಿಸಬೇಡಿ, ಎಲೆ ಸುಡಬೇಡಿ, ಆರು ತಿಂಗಳಿಗೆ ಬಂದು ಮತ್ತೆ ಊದಿ ಎಂದು ವೈದ್ಯೆ ಕಳಿಸಿದರು. ವಾಪಸ್ ಬಸ್ಸಿನಲ್ಲಿ ತುಂಗಭದ್ರೆಯ ಸೇತುವೆ ಕಾಣುವ ಕಡೆ ಮೈಲಮ್ಮ ಕೈಮುಗಿದರು. ಅಳು ಬಂತು, ಆದರೆ ಅದು ಹೆದರಿಕೆಯದ್ದಲ್ಲ.

ಸುಲಭದ ಮಾತಲ್ಲ, ಇಪ್ಪತ್ತೆರಡು ವರ್ಷ ಗುಡಿಸಿದ ರೂಢಿ ಬದಲಿಸುವುದು. ದೊಡ್ಡ ರಸ್ತೆ ಗುಡಿಸಿದ ಫೋಟೊವನ್ನು ಆರೂವರೆಯೊಳಗೆ ಕಳಿಸಬೇಕು ಎಂಬುದು ಗುಡಿಸುವವರ ಉಸ್ತುವಾರಿಯ ಮೇಸ್ತ್ರಿ ಪರಶುರಾಮನ ಪಟ್ಟು. "ನಿನ್ನ ಮಗಳು ಓಡ್ಲಿ ಅಂತ ಕಾನೂನು ಬದಲಾಯ್ಸಕ್ಕಾಗ್ತೈತೇನು?" ಎಂದ.

"ಕಾನೂನು ಬ್ಯಾಡ ಮೇಸ್ತ್ರಿ. ನನ್ನ ಪೊರಕೆ ಹಿಂದೆ ನೂರು ಹೆಜ್ಜೆ ಬಿರಬಿರ ನಡೀರಿ. ಆಮೇಲೆ ಹೆಂಗೆ ಹೇಳ್ತೀರೋ ಹಂಗೆ."

ಜೊತೆಗೆ ಗುಡಿಸುವ ಹೆಂಗಸರು ನೋಡುತ್ತಿದ್ದರು, ಬಿಟ್ಟರೆ ಮರ್ಯಾದೆ ಹೋದೀತು. ಪರಶುರಾಮ ನಡೆದ. ಮೈಲಮ್ಮ ಅವತ್ತು ಒಣ ರಸ್ತೆಯನ್ನು ಇದ್ದಬದ್ದ ಬಲವೆಲ್ಲ ಹಾಕಿ ಗುಡಿಸಿದರು. ಅರವತ್ತನೆಯ ಹೆಜ್ಜೆಗೆ ಕರವಸ್ತ್ರ ಮೂಗಿಗೆ ಬಂತು, ಎಂಬತ್ತಕ್ಕೆ ಅವನು ಪಕ್ಕದ ಕಟ್ಟೆಯ ಮೇಲೆ ಕೂತ. ಕೆಮ್ಮಿನ ನಡುವೆಯೇ, "ಏಳೂಕಾಲಿಗೆ ಕಳ್ಸು ಮಾರಾಯ್ತಿ ಫೋಟೊ" ಎಂದ.

ನೀರಿನ ಯೋಚನೆ ಬಂದದ್ದು ರಂಗೋಲಿಯ ಅಂಗಳಗಳನ್ನು ನೋಡಿ. ಹೇಗೂ ಮನೆಮನೆಯವರು ಬಾಗಿಲಿಗೆ ನೀರು ಹಾಕುತ್ತಾರೆ. ಅದನ್ನೇ ನಾಲ್ಕು ಹೆಜ್ಜೆ ಮುಂದಕ್ಕೆ ಹಾಕಿದರೆ ರಸ್ತೆ ತೊಯ್ಯುತ್ತದೆ. ಮೈಲಮ್ಮ ಮನೆಮನೆಯ ಗೇಟಿನಲ್ಲಿ ನಿಂತು ಕೇಳಿದರು. ಮೊದಲ ವಾರ ಏಳು ಮನೆ ಒಪ್ಪಿದವು. ಈಗ ನಲವತ್ತಾರು. ಬಟ್ಟೆ ಒಗೆದ ನೀರನ್ನು ಎತ್ತಿಟ್ಟು ಬೆಳಿಗ್ಗೆ ಚೆಲ್ಲುವವರೂ ಇದ್ದಾರೆ. ಮೈಲಮ್ಮ ಈಗ ಓಟದ ರಸ್ತೆಯ ಹರಳು, ಗಾಜನ್ನು ಹಿಂದಿನ ದಿನವೇ ಆರಿಸಿಡುತ್ತಾರೆ, ಎಲೆಯನ್ನು ಸುಡದೆ ಖಾಲಿ ನಿವೇಶನದ ಗುಂಡಿಗೆ ಹಾಕುತ್ತಾರೆ. ಗೊಬ್ಬರವಾದದ್ದನ್ನು ಕಸ್ತೂರಮ್ಮ ಕರಿಬೇವಿಗೆ ಒಯ್ಯುತ್ತಾರೆ.

"ಊರಿನ ಗಾಡಿ ಹೊಗೆ, ಮಂಡಕ್ಕಿ ಭಟ್ಟಿ ಹೊಗೆ ನಾನು ನಿಲ್ಸಕ್ಕಾಗಲ್ರಿ. ನನ್ನ ಪೊರಕೆ ಧೂಳು ನಿಲ್ಸಬೌದು, ನಿಲ್ಸಿದೀನಿ" ಎನ್ನುತ್ತಾರೆ ಮೈಲಮ್ಮ.

ಹತ್ತೇ ದಿನಕ್ಕೆ ದುರ್ಗಾಳ ಕೆಮ್ಮು ಇಳಿಯಿತು. ಎದೆಯ ಸಿಳ್ಳೆ ಅದಕ್ಕೂ ಮೊದಲೇ ನಿಂತಿತ್ತು. ರುದ್ರಮುನಿ ಮೇಷ್ಟ್ರ ನೋಟ್‌ಬುಕ್ಕಿನಲ್ಲಿ ವಾರದ ದಿನಗಳಿಗೂ ಭಾನುವಾರಕ್ಕೂ ಅಂತರವೇ ಉಳಿಯಲಿಲ್ಲ. ಪರೀಕ್ಷೆಯ ದಿನ ಮೈಲಮ್ಮ ಮೈದಾನದ ಗೇಟಿನ ಹೊರಗೆ ನಿಂತಿದ್ದರು. ಒಳಗೆ ಬಿಡುವಂತಿರಲಿಲ್ಲ. ಓಟ ಬಿಡುವ ಸಿಳ್ಳೆಯ ಸದ್ದು ಕೇಳಿದಾಗಲೆಲ್ಲ ಉಸಿರು ಹಿಡಿಯುತ್ತಿದ್ದರಂತೆ. ಒಂದೂವರೆ ತಾಸಿನ ಮೇಲೆ ಮಗಳು ಬಂದಳು. ಎಷ್ಟು ಸೆಕೆಂಡು ಎಂದು ಆಮೇಲೆ ಹೇಳಿದಳು. ಮೊದಲು ಹೇಳಿದ್ದು, "ಅವ್ವಾ, ಒಂದು ಸಲನೂ ಕೆಮ್ಮು ಬರ್ಲಿಲ್ಲ." ಒಂದು ನಿಮಿಷ ನಲವತ್ತೇಳು. ಪಾಸು.

ಪರೀಕ್ಷೆ ಕಳೆದು ತಿಂಗಳಾಯಿತು, ದುರ್ಗಾ ಓಟ ಬಿಟ್ಟಿಲ್ಲ. ಆಯ್ಕೆ ಪಟ್ಟಿ ಇನ್ನೂ ಬರಬೇಕು. ಅದರ ಬಗ್ಗೆ ಕೇಳಿದರೆ ಮೈಲಮ್ಮ ಅವಸರ ತೋರುವುದಿಲ್ಲ. ಆರೂ ನಲವತ್ತರ ಎಳೆಬಿಸಿಲು ದೊಡ್ಡ ರಸ್ತೆಗೆ ಬಿದ್ದಿದೆ. ಹುಡುಗಿಯರು ಮನೆ ಸೇರಿದ್ದಾರೆ. ಮೈಲಮ್ಮ ಮಾಸ್ಕನ್ನು ಗದ್ದಕ್ಕಿಳಿಸಿ ಒಂದು ದೊಡ್ಡ ಉಸಿರು ತೆಗೆದುಕೊಳ್ಳುತ್ತಾರೆ, ಬಿಡುತ್ತಾರೆ.

"ಪಟ್ಟಿ ಬಂದಾಗ ಬರ್ಲಿ. ಆದ್ರೆ ಪೊಲೀಸಾದ್ರೆ ಯಾವೂರಿಗೆ ಹಾಕ್ತಾರೋ, ಯಾವ ಸರ್ಕಲ್‌ನಾಗೆ ದಿನಗಟ್ಲೆ ನಿಲ್ಲಿಸ್ತಾರೋ ಯಾರಿಗೆ ಗೊತ್ತು. ಆ ರಸ್ತೆ ಗುಡಿಸೋ ಹೆಣ್ಮಗಳು ಯಾರೇ ಇರ್ಲಿ, ಒಂದು ಬಕೆಟ್ ನೀರು ಹಾಕಿ ಗುಡಿಸ್ಲಿ. ಆಕೆಗೂ ಒಳ್ಳೇದು, ನನ್ನ ಮಗಳಿಗೂ ಒಳ್ಳೇದು. ನಾನು ಕೇಳೋದು ಅಷ್ಟೇ ನೋಡ್ರಿ."