ಗೋಡೆಯ ಕಡೆ ಕೂತ ಸೊಳ್ಳೆಗಳು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ಒಳಗೊಳಗೇ ನಗುತ್ತಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಕಲಿತವಳು, ಸಾಲದ್ದಕ್ಕೆ ವಿಜ್ಞಾನಿಯ ಕೈಹಿಡಿದವಳು. ನೀವೂ ನಂಬಲೇಬೇಕೆಂದು ಒತ್ತಾಯಿಸುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ, ಅಷ್ಟೆ.

ಎಪ್ಪತ್ತರ ದಶಕದ ಕೊನೆ. ಪೀಣ್ಯದ ಸುತ್ತ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ರಾಜಗೋಪಾಲನಗರದಲ್ಲಿ ನಮ್ಮದು ಬಾಡಿಗೆ ಮನೆ. ಮಕ್ಕಳಿಗೆ ಮೆದುಳು ಜ್ವರ ಹರಡುವ ಸೊಳ್ಳೆ ಯಾವುದು, ಅದನ್ನು ಗದ್ದೆಯ ನೀರಿನಲ್ಲೇ ತಡೆಯುವುದು ಹೇಗೆ ಎಂಬುದರಲ್ಲೇ ನಮ್ಮ ಯಜಮಾನರು ವರ್ಷಗಳನ್ನು ಕಳೆದಿದ್ದರು. ಶನಿವಾರ ಮುಸ್ಸಂಜೆ ಸರ್ಜಾಪುರದ ಕಡೆಯ ದನದ ಕೊಟ್ಟಿಗೆಗಳಲ್ಲಿ ಗಾಜಿನ ಕೊಳವೆಯಿಂದ ಸೊಳ್ಳೆಗಳನ್ನು ಹೀರಿ ಹಿಡಿದು ತರುತ್ತಿದ್ದರು. ಭಾನುವಾರ ಪ್ರಯೋಗಾಲಯಕ್ಕೆ ಬೀಗ. ಹಾಗಾಗಿ ಸೋಮವಾರದವರೆಗೆ ಸೊಳ್ಳೆಗಳ ಪಂಜರ ನಮ್ಮ ಹಿಂದಿನ ಕೋಣೆಯ ಮೇಜಿನ ಮೇಲೆ. ತಂತಿಯ ಚೌಕಟ್ಟಿಗೆ ಪರದೆ ಬಟ್ಟೆ ಹೊಲಿದ, ಮೊಳದುದ್ದದ ಪೆಟ್ಟಿಗೆ ಅದು, ಹೊಲಿದವಳು ನಾನೇ. ಮೇಲೆ ಒದ್ದೆ ಟವೆಲ್ ಹೊದಿಸುವುದು, ಒಳಗೆ ನೆನೆಸಿದ ಒಣದ್ರಾಕ್ಷಿ ಇಡುವುದು ನನ್ನ ಪಾಲಿನ ಕೆಲಸ. ಹಾಗೆಲ್ಲ ಮನೆಗೆ ತರಬಾರದಿತ್ತು. ಆಗ ಅದು ತಪ್ಪೆಂದು ಇಬ್ಬರಿಗೂ ತೋರಲೇ ಇಲ್ಲ.

ಪಕ್ಕದಲ್ಲೇ ಇದ್ದ ನಮ್ಮ ಮನೆ ಓನರ್ ಗೌರಮ್ಮ ಕಾಂಪೌಂಡಿನಾಚೆಯಿಂದ ಅಣಕಿಸುತ್ತಿದ್ದರು: “ಎಲ್ರೂ ಆಲು ಕೊಡೋ ಎಮ್ಮೆ ಸಾಕಿದ್ರೆ, ನಿನ್ ಗಂಡ ರಕ್ತ ಕುಡಿಯೋವ್ನ ಸಾಕವ್ನಲ್ಲವ್ವಾ! ಅದ್ಕೆ ದ್ರಾಕ್ಸಿ ಬ್ಯಾರೆ!”

ಒಂದು ಭಾನುವಾರ ಮಧ್ಯಾಹ್ನ ಟವೆಲ್ ಒದ್ದೆ ಮಾಡಲು ಹೋದೆ. ಯಾವಾಗಲೂ ಪಂಜರದ ನಾಲ್ಕೂ ಬದಿಗೆ ಚದುರಿ ಕೂತಿರುವ ಸೊಳ್ಳೆಗಳು ಅವತ್ತು ಒಂದೇ ಬದಿಯಲ್ಲಿ, ನಡುಗೋಡೆಯ ಕಡೆಗೆ, ಬಟ್ಟೆ ಕಪ್ಪಾಗುವಷ್ಟು ಒತ್ತೊತ್ತಾಗಿ ಕೂತಿದ್ದವು. ಗಾಳಿಗೆ ಇರಬೇಕೆಂದು ಕಿಟಕಿ ಮುಚ್ಚಿದೆ. ಪಂಜರವನ್ನು ತಿರುಗಿಸಿಟ್ಟೆ. ಎಲ್ಲವೂ ಒಟ್ಟಿಗೆ ಎದ್ದು ಮತ್ತೆ ಗೋಡೆಯ ಕಡೆಗೇ ಹೋಗಿ ಕೂತವು. ಗೋಡೆಯ ಆಚೆ ನಮ್ಮ ಆರು ವರ್ಷದ ಮಗಳು ಮಾಲು ಮಲಗಿದ್ದಳು.

ಅವಳನ್ನು ಎಬ್ಬಿಸಿ ಹಜಾರದಲ್ಲಿ ಕೂರಿಸಿ ಬಂದು ನೋಡಿದೆ. ಸೊಳ್ಳೆಗಳು ಹಜಾರದ ಬದಿಗೆ ಸರಿದಿದ್ದವು. ಹೊರಗೆ ಪೇಪರ್ ಓದುತ್ತಿದ್ದ ಇವರನ್ನು ಕೂಗಿದೆ.

“ಮನುಷ್ಯರ ಉಸಿರಿಗೆ ಬರ್ತಾವೆ ಕಣೆ, ಅದರಲ್ಲೇನಿದೆ?” ಎಂದು ನಕ್ಕರು.

“ಗೋಡೆ ದಾಟಿನಾ? ನಾನು ಇಲ್ಲೇ ನಿಂತಿದ್ದೀನಲ್ಲ, ನನ್ನ ಕಡೆ ಯಾಕ್ರೀ ಬರ್ತಿಲ್ಲ?”

ಇವರು ನನ್ನನ್ನು ಪಂಜರದ ಹತ್ತಿರ ನಿಲ್ಲಿಸಿ, ಮಾಲುವಿನ ಕೈಹಿಡಿದು ಮನೆಯ ಸುತ್ತ ಒಂದು ಸುತ್ತು ಹೊರಟರು. ಹೊರಗಿನಿಂದ ಆಗಾಗ “ಈಗ ಎಲ್ಲಿದಾವೆ?” ಎಂದು ಕೂಗುತ್ತಿದ್ದರು. ನಾನು ಹೇಳುತ್ತಿದ್ದೆ. ಅವಳು ಸುತ್ತಿದಂತೆ ಪಂಜರದೊಳಗೆ ಅವೂ ಸುತ್ತಿದವು. ಆಮೇಲೆ ಅವಳನ್ನು ಹಜಾರದಲ್ಲಿ ಬಿಟ್ಟು ಇವರೊಬ್ಬರೇ ಸುತ್ತಿದರು. ಒಂದೂ ಕದಲಲಿಲ್ಲ.

ಒಳಗೆ ಬಂದವರೇ ಇವರು ಸ್ಕೂಟರಿನ ಕೀಲಿ ಕೈಗೆತ್ತಿಕೊಂಡರು. “ಸೀರೆ ಬದಲಾಯಿಸ್ಬೇಡ, ಆಸ್ಪತ್ರೆಗೆ ಹೊರಡು.”

“ಅವಳಿಗೆ ಏನೂ ಆಗಿಲ್ವಲ್ರೀ!”

“ಗೊತ್ತು. ಹೊರಡು.”

ಸ್ಕೂಟರಿನಲ್ಲಿ ಮೂವರೂ ಹೋದೆವು. ಡಾಕ್ಟರು ಪರೀಕ್ಷಿಸಿ, “ಜ್ವರ ಇಲ್ಲ, ತಲೆನೋವಿಲ್ಲ, ಊಟ ಮಾಡಿದಾಳೆ. ಏನಂತ ಅಡ್ಮಿಟ್ ಮಾಡ್ಕೊಳ್ಲಿ ಸಾರ್?” ಎಂದರು. ತಮ್ಮದೇ ಕ್ಷೇತ್ರದ ವಿಷಯ, ಆದರೂ ಕಾರಣ ಹೇಳಲು ಇವರಿಗೆ ಬಾಯಿ ಬರಲಿಲ್ಲ. “ಬೆಂಚ್ ಮೇಲೆ ಕೂತಿರ್ತೀವಿ ಬಿಡಿ” ಎಂದರು. ಮಾಲು ಕಾಲಾಡಿಸುತ್ತ ಬಿಸ್ಕತ್ತು ತಿನ್ನುತ್ತಿದ್ದಳು. ಬೇರೆಯವರ ಮಕ್ಕಳು ನರಳುತ್ತಿದ್ದ ಜಾಗದಲ್ಲಿ ಹಾಗೆ ಕೂರಲು ನನಗೆ ನಾಚಿಕೆಯಾಗುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಅವಳ ಕೈಯಿಂದ ಬಿಸ್ಕತ್ತು ಜಾರಿತು. ಹಣೆ ಮುಟ್ಟಿದೆ, ಕಾದ ಕಾವಲಿ. ನೋಡನೋಡುತ್ತಲೇ ಕಣ್ಣು ಮೇಲಾಗಿ ಫಿಟ್ಸ್ ಬಂತು.

ಮೆದುಳು ಜ್ವರವೆಂದರು. ಎರಡು ವಾರ ಅಲ್ಲೇ ಇದ್ದೆವು. ಮಗು ಉಳಿಯಿತು. “ಆ ಫಿಟ್ಸ್ ಮನೇಲಿ ಬಂದಿದ್ರೆ ನಮ್ಮ ಕೈಲಿ ಇರ್ತಿರಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?” ಎಂದು ಡಾಕ್ಟರು ಕೇಳಿದರು.

ಕಚ್ಚಿದ ಮೇಲೆ ಜ್ವರ ಬರಲು ಹಲವು ದಿನ ಬೇಕು, ಹಿಂದಿನ ದಿನ ತಂದ ಸೊಳ್ಳೆಗಳಿಂದ ಬಂದಿರಲಾರದು ಎಂದು ಇವರು ನನಗೆ ಬಿಡಿಸಿ ಹೇಳಿದರು. ಅದರ ಹಿಂದಿನ ಶನಿವಾರವೂ ಪಂಜರ ಮನೆಗೆ ಬಂದಿತ್ತಲ್ಲ ಎಂದು ನಾನು ಕೇಳಲಿಲ್ಲ. ಒಬ್ಬಳೇ ಇದ್ದಾಗ ಪಂಜರದ ಹೊಲಿಗೆಯನ್ನೆಲ್ಲ ಬೆರಳಿನಿಂದ ತಡವಿ ನೋಡಿದೆ. ಎಲ್ಲಿಯೂ ಬಿಟ್ಟಿರಲಿಲ್ಲ.

ಆಮೇಲೆ ಇವರು ಎಷ್ಟೋ ಸಲ ಪ್ರಯೋಗಾಲಯದಲ್ಲಿ ಪಂಜರ ತಿರುಗಿಸಿ ನೋಡಿದರಂತೆ. ಸೊಳ್ಳೆಗಳು ತಮ್ಮ ಪಾಡಿಗೆ ಚದುರಿ ಕೂತವಂತೆ. ನಿವೃತ್ತಿಯಾಗುವವರೆಗೂ ಅದೇ ಕೆಲಸ ಮಾಡಿದರು. ಮನೆಗೆ ಮಾತ್ರ ಮತ್ತೆಂದೂ ಒಂದು ಸೊಳ್ಳೆಯನ್ನೂ ತರಲಿಲ್ಲ.

ಒಂದೇ ಒಂದು ಸಲ ಧೈರ್ಯ ಮಾಡಿ ಕೇಳಿದೆ: “ರೀ, ಅವತ್ತು ಅವು ನಮಗೆ ತೋರಿಸಿದ್ವಾ, ಇಲ್ಲಾ ಅವಳಿಗೋಸ್ಕರ ಕಾಯ್ತಿದ್ವಾ?”

“ಎರಡರಲ್ಲಿ ಯಾವುದು ಅಂತ ಗೊತ್ತಿದ್ರೆ ನನಗೆ ನಿದ್ದೆ ಬರ್ತಿತ್ತು ಕಣೆ” ಎಂದರು.