ನಿಧಾನಕ್ಕನ ಆರು ಕುರ್ಚಿಗಳು

ಬೆಳಗಿನ ಐದೂಕಾಲು. ಆಸ್ಪತ್ರೆಯ ಎರಡನೇ ಮಹಡಿಯ ಕೊನೆಯ ಕೊಠಡಿಯಲ್ಲಿ ನೀಲಿ ಸ್ವೆಟರ್ ತೊಟ್ಟ ನರ್ಸ್ ಫ್ರಿಜ್ ತೆಗೆದು ಗಾಜಿನ ಬಾಟಲಿಗಳನ್ನು ಒಂದೊಂದಾಗಿ ಮೇಜಿನ ಮೇಲಿಡುತ್ತಿದ್ದಾರೆ, ನಿದ್ದೆ ಹೋದ ಕೂಸನ್ನು ತೊಟ್ಟಿಲಿಗೆ ಇಳಿಸುವಷ್ಟು ಮೆಲ್ಲಗೆ. "ಅಲುಗಾಡಿಸಿದ್ರೆ ನೊರೆ ಬರುತ್ತೆ. ತಣ್ಣಗಿರೋವಾಗ್ಲೇ ಮೈಗೆ ಬಿಡೋ ಹಾಗಿಲ್ಲ. ಇವು ತಣುಪು ಬಿಡೋವರೆಗೆ ನನಗೊಂದು ಟೀ," ಎಂದು ನಗುತ್ತಾರೆ.

ಬಾಟಲಿಯಲ್ಲಿರುವುದು ಸಾವಿರಾರು ಅಪರಿಚಿತರು ಕೊಟ್ಟ ರಕ್ತದ್ರವದಿಂದ ಬೇರ್ಪಡಿಸಿದ ಪ್ರತಿಕಾಯಗಳು. ಸೋಂಕಿನೊಡನೆ ಹೋರಾಡುವ ಈ ಶಕ್ತಿ ಮೈಯಲ್ಲಿ ತಾನಾಗಿ ಹುಟ್ಟದವರಿಗೆ ಮೂರ್ನಾಲ್ಕು ವಾರಕ್ಕೊಮ್ಮೆ ಇದನ್ನು ಹನಿಹನಿಯಾಗಿ ಇಳಿಸಬೇಕು. ಒಬ್ಬೊಬ್ಬರಿಗೂ ನಾಲ್ಕೈದು ಗಂಟೆ. ಆರು ಕುರ್ಚಿಗೆ ಇವರೊಬ್ಬರೇ. ಜ್ವರ, ನಾಡಿ, ರಕ್ತದೊತ್ತಡ ಎಂದು ದಿನಕ್ಕೆ ಅರವತ್ತಕ್ಕೂ ಹೆಚ್ಚು ಸಲ ನೋಡಿ ಬರೆದಿಡುತ್ತಾರೆ. ವಾರ್ಡಿನಲ್ಲಿ ರೋಗಿಗಳನ್ನು ಎತ್ತಿ ಇಳಿಸಿ ಸೊಂಟ ಕೈಕೊಟ್ಟ ಮೇಲೆ ಇಲ್ಲಿಗೆ ಬಂದವರು. ಈಗ ಹತ್ತೊಂಬತ್ತು ವರ್ಷ. ಹನಿಯ ವೇಗ ಹೆಚ್ಚಿಸುವುದರಲ್ಲಿ ಮಹಾ ಜಿಪುಣರು. ರೋಗಿಗಳು ಇಟ್ಟ ಹೆಸರು 'ನಿಧಾನಕ್ಕ'.

"ನಮ್ಮೆಜಮಾನ್ರೂ ಹಾಗೇ ಕರೀತಾರೆ. ಟೀ ಕೇಳಿ, ಸ್ನಾನ ಮುಗಿಸ್ಕೊಂಡು ಬಂದ್ರೂ ನೀರೇ ಕುದ್ದಿರಲ್ಲ ಅಂತ!"

ಆದರೆ ಇಷ್ಟು ಬೇಗ ಬಾಗಿಲು ತೆರೆಯುವುದೇಕೆ? ಅದಕ್ಕೆ ಕಾರಣ ಒಬ್ಬ ಹುಡುಗಿ. ಎಂಟನೇ ವಯಸ್ಸಿನಲ್ಲಿ, ಮೂರನೇ ಬಾರಿ ನ್ಯುಮೋನಿಯಾ ಆದಾಗ, ಅಪ್ಪನ ಹೆಗಲೇರಿ ಇಲ್ಲಿಗೆ ಬಂದವಳು. ಹದಿನೇಳಾದಾಗ ಶಿಕ್ಷಕಿಯರ ತರಬೇತಿಗೆ ಸಂದರ್ಶನ, ಅದೂ ಡ್ರಿಪ್ಪಿನ ದಿನವೇ, ಮಧ್ಯಾಹ್ನ ಹನ್ನೆರಡಕ್ಕೆ. ಯಾರಿಗೂ ಹೇಳಲಿಲ್ಲ. ನರ್ಸ್ ಆಚೆ ತಿರುಗಿದ ಕ್ಷಣದಲ್ಲಿ ಕೊಳವೆಯ ಚಕ್ರವನ್ನು ತಾನೇ ತಿರುಗಿಸಿ ವೇಗ ಹೆಚ್ಚಿಸಿಕೊಂಡಳು. ಸ್ವಲ್ಪ ಹೊತ್ತಿಗೇ ಹಲ್ಲು ಕಟಕಟ, ಎದೆ ಬಿಗಿತ.

ನಿಧಾನಕ್ಕ ಓಡಿ ಬಂದು ಹನಿ ನಿಲ್ಲಿಸಿದರು, ವೈದ್ಯರನ್ನು ಕರೆದರು. ಒಂದು ಗಂಟೆಯಲ್ಲಿ ನಡುಕ ಇಳಿಯಿತು. ಸಂದರ್ಶನ ಮಾತ್ರ ಕೈತಪ್ಪಿತು.

"ಬೈಯೋಣ ಅಂತಲೇ ಹೋದೆ. 'ಅಕ್ಕಾ, ಬದುಕ್ಲಿ ಅಂತ ಇಲ್ಲಿ ಕೂರಿಸ್ತೀರ, ಸರಿ. ಬದುಕೋದು ಯಾವಾಗ?' ಅಂದ್ಲು."

ಮರುದಿನ ಅವರು ಮೇಲಧಿಕಾರಿಯ ಮುಂದೆ ನಿಂತರು: ಕೊಠಡಿಯನ್ನು ಒಂಬತ್ತರ ಬದಲು ಆರಕ್ಕೇ ತೆರೆಯಬೇಕು. ಸಿಬ್ಬಂದಿ ಇಲ್ಲ ಎಂಬ ಉತ್ತರ ಬಂತು. "ನಾನಿದ್ದೀನಲ್ಲ ಸರ್. ಬೇಗ ಮುಗಿಸೋಕಂತೂ ಆಗಲ್ಲ, ಬೇಗ ಶುರು ಮಾಡ್ಬಹುದಲ್ವಾ?" ಎರಡು ತಿಂಗಳು ಬೆನ್ನು ಬಿಡಲಿಲ್ಲ. ಕೊನೆಗೆ ಒಪ್ಪಿಗೆ ಸಿಕ್ಕಿತು. ಈಗ ರೋಗಿಗಳಲ್ಲಿ ಇಬ್ಬರು ಹನ್ನೊಂದಕ್ಕೆಲ್ಲ ಕುರ್ಚಿಯಿಂದೆದ್ದು ಕೆಲಸಕ್ಕೆ ಹೋಗುತ್ತಾರೆ.

ಹುಡುಗಿ ಮರುವರ್ಷ ತರಬೇತಿಗೆ ಸೇರಿ, ಈಗ ಶಿಶುವಿಹಾರದ ಟೀಚರ್. ಸುದ್ದಿ ಕೇಳಿ ನಿಧಾನಕ್ಕ ಹೌಹಾರಿದ್ದರಂತೆ. "ಮೂವತ್ತು ಮಕ್ಕಳು, ಮೂವತ್ತು ಸೋರೋ ಮೂಗು! ಬೇರೆ ಕೆಲಸ ಸಿಗ್ಲಿಲ್ವೇನೇ ಅಂದೆ. ನಕ್ಕು, ಬ್ಯಾಗಿಂದ ಒಂದು ರಾಶಿ ಮಾಸ್ಕ್ ತೆಗೆದು ತೋರಿಸಿದ್ಲು."

ಕೈ ತೊಳೆದುಕೊಂಡು, ಬಾಟಲಿ ತಣುಪು ಬಿಟ್ಟಿದೆಯೇ ಎಂದು ಮುಟ್ಟಿ ನೋಡುತ್ತಾರೆ.

"ಒಂದಿನ ರಜ ಹಾಕಿ ಆ ಕ್ಲಾಸಿಗೆ ಹೋಗ್ಬೇಕು. ಹಿಂದೆ ಕೂತು ಅವಳು ಪಾಠ ಮಾಡೋದನ್ನ ನೋಡ್ಬೇಕು. ನಾನ್ಯಾರು ಅಂತ ಮಕ್ಕಳಿಗೆ ಹೇಳೋದೇನೂ ಬೇಡ."